ಅಮಾವಾಸ್ಯೆಯ ಮರುದಿನದ ನೀರು

ನಮ್ಮ ಬಾವಿಗೆ ತಿಂಗಳಿಗೊಮ್ಮೆ ಬಿಡುವು. ಅಮಾವಾಸ್ಯೆಗೆ ಅದರಿಂದ ಒಂದು ಕೊಡವನ್ನೂ ಎತ್ತುವುದಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುತ್ತಿದ್ದರು. ಅಮಾವಾಸ್ಯೆಯಂದು ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ಹಾಗಾಗಿ ಬಾವಿಯೂ ಸುಮ್ಮನಿರುತ್ತಿತ್ತು. ಮುಂದೆ ಎತ್ತು ಹೋಗಿ ಎಣ್ಣೆ ಎಂಜಿನ್ ಬಂತು, ಅದೂ ಹೋಗಿ ಕರೆಂಟಿನ ಮೋಟರ್ ಬಂತು. ಮೋಟರಿಗೆ ಹೆಗಲೂ ಇಲ್ಲ, ನೊಗವೂ ಇಲ್ಲ. ಆದರೂ ಬಿಡುವು ಉಳಿಯಿತು. ಯಾಕೆ ಎಂದು ಕೇಳಿದರೆ ನಮ್ಮಣ್ಣ ಗೊಲ್ಲಾಳಪ್ಪ, "ಬಾವಿಗೂ ಜೀವ ಐತಿ" ಎನ್ನುತ್ತಾನೆ. ಅತ್ತಿಗೆ ಸಕ್ಕುಬಾಯಿ, "ಅವತ್ತೊಂದಿನ ಮೋಟರ್ ಸುಡೂದಿಲ್ಲ, ಅದ ಲಾಭ" ಎನ್ನುತ್ತಾಳೆ.

ನಾನು ಸೋಮವ್ವ. ಗಂಡ ತೀರಿದ ಮೇಲೆ ಸೋಲಾಪುರದ ಬದಿಯ ಕಂದಲಗಾಂವಿಗೆ, ಅಣ್ಣನ ಮನೆಗೆ ಬಂದವಳು ಇಲ್ಲೇ ಉಳಿದೆ. ಸಾಲಿ ಕಲಿತದ್ದು ಕಮ್ಮಿ. ಕಣ್ಣಿಗೆ ಕಂಡದ್ದು ಮಾತ್ರ ಮರೆಯುವುದಿಲ್ಲ.

ಬಾವಿಯ ಕೆಳಗೆ ನಮ್ಮ ಕರಿ ಹೊಲ, ಮೇಲೆ ಕಲ್ಲಿನ ಮಾಳ. ಮಾಳದಲ್ಲಿ ಜೋಳವೂ ಬೆಳೆಯುವುದಿಲ್ಲ, ತೊಗರಿಯೂ ಬೆಳೆಯುವುದಿಲ್ಲ, ಕುರಿಗಳಷ್ಟೇ ಮೇಯುತ್ತಿದ್ದವು. ಅದರ ಪಕ್ಕದಲ್ಲೇ ದೊಡ್ಡ ರಸ್ತೆ ಹಾಯಿತು. ಹಾಯ್ದ ವರ್ಷದಿಂದಲೇ ಸೋಲಾಪುರದ ದಲಾಲರು ಬಿಳಿ ಕಾರಿನಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗತೊಡಗಿದರು. ಆಚೆ ಈಚೆಯ ನಮ್ಮ ಕುರುಬರು ಎಷ್ಟೋ ಮಂದಿ ಮಾರಿದ್ದರು. ಮಾರಿದ ಕೆಲವರು ಈಗ ಅದೇ ಹೊಲದ ಗೇಟಿನಲ್ಲಿ ಕಾವಲು ನಿಂತಿದ್ದರು, ಮೈಮೇಲೆ ನೀಲಿ ಅಂಗಿ, ಕೈಯಲ್ಲಿ ಸೀಟಿ.

ಅಣ್ಣನ ಮಗ ಅಂಬಾದಾಸ ಮಾರಲು ಒಪ್ಪಲಿಲ್ಲ.

"ಅವರು ಪ್ಲಾಟ್ ಹಾಕಿ ಮಾರೂದಾದ್ರ ನಾವ ಯಾಕ ಹಾಕಬಾರದು? ಮಾಳ ನಮ್ಮದು, ಬಾವಿ ನಮ್ಮದು."

"ಕುರಿ ಕಾಯೂ ಮಂದಿ ನಾವು, ಲೇಔಟ್ ಮಾಡ್ತೀವಂದ್ರ ನಗತಾರ," ಎಂದ ಅಣ್ಣ.

"ನಗಲಿ. ನಕ್ಕ ಮ್ಯಾಲ ಬಂದ ಪ್ಲಾಟ್ ಕೇಳತಾರ."

ನನಗೆ ಆ ಮಾತು ಹಿಡಿಸಿತು. ನಮ್ಮಣ್ಣನಿಗೂ ಹಿಡಿಸಿತು, ಆದರೆ ಹೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಮೊದಲಿನ ಕಾಲ ಬೇರೆ. ಹೊಲದಲ್ಲಿ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು ಮಾರಿಬಿಡುತ್ತಿದ್ದರು. ಕೊಂಡವರು ಮನೆ ಕಟ್ಟಿಕೊಂಡು ಆಮೇಲೆ ನೀರಿಗಾಗಿ ಟ್ಯಾಂಕರಿನ ಹಿಂದೆ ಓಡುತ್ತಿದ್ದರು. ಈಗ ಹಾಗಲ್ಲ. ಹೊಸದಾಗಿ ಪ್ಲಾಟ್ ಹಾಕುವವರು ಮೊದಲು ನೀರು ತೋರಿಸಬೇಕು. ಎಷ್ಟು ಮನೆಗೆ ನೀರಿದೆಯೋ ಅಷ್ಟೇ ಪ್ಲಾಟಿಗೆ ಪರವಾನಗಿ. ಸೋಲಾಪುರದ ಕಚೇರಿಯಿಂದ ಸಾಹೇಬರು ಬಂದು ಬೇಸಿಗೆಯಲ್ಲಿ ಬಾವಿ ಅಳೆಯುತ್ತಾರೆ. ದಿನವಿಡೀ ಮೋಟರ್ ನಡೆಸಿ, ನೀರು ಎಷ್ಟು ಇಳಿಯಿತು, ಮತ್ತೆ ಎಷ್ಟು ಊರಿತು ಎಂದು ನೋಡುತ್ತಾರೆ. ಅಂಬಾದಾಸ ಇದನ್ನೆಲ್ಲ ತಿಳಿದುಕೊಂಡು, ಅರವತ್ತು ಪ್ಲಾಟಿನ ನಕಾಶೆ ಮಾಡಿಸಿ ತಂದ.

ಆ ನಕಾಶೆ ಮನೆಗೆ ಬಂದ ದಿನ ಅವನ ಹೆಂಡತಿ ಪ್ರಣಿತಾ ಅದನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಇಟ್ಟು ನೋಡುತ್ತ ಕೂತಳು. ಅಕ್ಕಲಕೋಟದ ಹುಡುಗಿ, ಕಾಲೇಜು ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದುವುದು ಮರಾಠಿ. ರಸ್ತೆಯ ಸಾಲಿನಲ್ಲಿ ಮೂಲೆಯ ಪ್ಲಾಟು ಹುಡುಕಿ, ನೀಲಿ ಪೆನ್ನಿನಿಂದ ಸುತ್ತ ಗೆರೆ ಹಾಕಿದಳು.

"ಇದು ನಮ್ಮದು. ಮೂಡಲ ಮಾರಿ ಅಡಿಗಿಮನಿ. ನಳ ಒಳಗ ಇರಬೇಕ ನೋಡ್ರಿ ಸೋಮತ್ತಿ, ಅಂಗಳದಾಗ ಅಲ್ಲ."

ನಮ್ಮ ಮನೆ ತಗಡಿನದು. ಅಡುಗೆಗೆ ನೀರು ಬೇಕೆಂದರೆ ಅಂಗಳದ ಟಾಕಿಯಿಂದ ಕೊಡ ಹೊತ್ತು ತರಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಹೊತ್ತಿದ್ದಳು, ಒಂದು ದಿನ ಗೊಣಗಿರಲಿಲ್ಲ. ಆ ನೀಲಿ ಗೆರೆ ನೋಡಿದಾಗಲೇ ನನಗೆ ತಿಳಿದದ್ದು, ಅವಳ ಮನಸ್ಸಿನಲ್ಲಿ ಏನಿತ್ತು ಎಂದು.

ಚೈತ್ರದ ಅಮಾವಾಸ್ಯೆ ಆ ಸಲ ಒಂದು ಮಧ್ಯಾಹ್ನ ಹಿಡಿದು ಮರುದಿನ ಸಂಜೆಯವರೆಗೆ ಇತ್ತು. ಎರಡೂ ದಿನ ಮೋಟರ್ ಮುಟ್ಟಲಿಲ್ಲ. ಅಣ್ಣ ಬೀರೋಬನ ಗುಡಿಗೆ ಹೋಗಿ ಅಲ್ಲೇ ಉಳಿದ. ಅದರ ಮರುದಿನ ಬೆಳಿಗ್ಗೆಯೇ ಕಚೇರಿಯ ಸಾಹೇಬರು ಬಂದರು. ಎಷ್ಟೋ ದಿನದಿಂದ ಕಾದಿದ್ದ ಅಂಬಾದಾಸನಿಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಕುರ್ಚಿ ಹಾಕಿದ, ಎಳನೀರು ತರಿಸಿದ.

ಬಾವಿಯೊಳಗೆ ಟೇಪು ಬಿಡುತ್ತ ಸಾಹೇಬರು ಮರಾಠಿಯಲ್ಲಿ ಕೇಳಿದರು, ದಿನಾಲೂ ನೀರೆತ್ತುತ್ತೀರಾ ಎಂದು.

"ಹೋ ಸಾಹೇಬ, ರೋಜ್," ಎಂದ ಅಂಬಾದಾಸ.

ಸಂಜೆಯವರೆಗೆ ಮೋಟರ್ ನಡೆಯಿತು. ನೀರು ಇಳಿಯಿತು, ಆದರೆ ನಮ್ಮ ಬೇಸಿಗೆಯ ಲೆಕ್ಕಕ್ಕೆ ಅದು ಇಳಿದದ್ದೇ ಅಲ್ಲ. ಸಾಹೇಬರು ಖುಷಿಯಾಗಿ, ಅರವತ್ತು ಮನೆಗೆ ಅಡ್ಡಿಯಿಲ್ಲ ಎಂದು ಹೇಳಿ ಹೋದರು.

ಆ ಸಂಜೆ ಊಟಕ್ಕೆ ಕಡಲೆಹಿಟ್ಟಿನ ಝುಣಕ, ರೊಟ್ಟಿ, ಶೇಂಗಾದ ಹಿಂಡಿ. ಅಣ್ಣ ಹಣೆಯ ತುಂಬ ಬೀರೋಬನ ಅರಿಶಿನ ಭಂಡಾರ ಹಚ್ಚಿಕೊಂಡೇ ಬಂದು ಕೂತ.

"ಅರವತ್ತಕ್ಕೂ ಸಾಕಂದ್ರು ಅಪ್ಪಾ!"

"ಇವತ್ತ ಅಳದ್ರು?"

"ಇವತ್ತ."

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಿನ್ನಿ ಮೊನ್ನಿ ಮೋಟರ್ ಬಂದ್ ಇತ್ತಲ್ಲೋ."

ಅಂಬಾದಾಸನ ಕೈಯೂ ನಿಂತಿತು. ಅವನಿಗೆ ಅದು ಆ ಗಳಿಗೆಯಲ್ಲಷ್ಟೇ ಹೊಳೆದದ್ದೆಂದು ಅವನ ಮುಖವೇ ಹೇಳುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಅದಕ್ಕೇನಾತು? ನೀರು ನೀರ. ನಾವೇನ ಹೊರಗಿಂದ ತಂದ ಸುರುವಿಲ್ಲ."

"ಎರಡ ದಿನ ಕಟ್ಟಿ ಮೇಸಿದ ಹೋರಿ ಓಡಿಸಿ ತೋರ್ಸಿ, ದಿನಾ ಹಿಂಗ ಓಡ್ತೈತಿ ಅಂತ ಸಂತ್ಯಾಗ ಮಾರಿದಂಗ ಆತು."

"ಸಾಹೇಬ ಅಳದಾನ. ನಾ ಅಳದಿಲ್ಲ."

"ದಿನಾ ಎತ್ತತೀರೇನು ಅಂತ ಸಾಹೇಬ ಕೇಳಿರಬೇಕಲ್ಲ. ಏನ ಹೇಳಿದಿ?"

"ದಿನಾ ಎತ್ತೂದಿಲ್ಲೇನು? ಅಮಾಸಿ ಒಂದ ಬಿಟ್ಟು?"

"ಉಣ್ರೋ ಮೊದಲ," ಎಂದಳು ಸಕ್ಕುಬಾಯಿ. "ಝುಣಕ ಆರಿದ್ರ ಕಲ್ಲಾಗ್ತೈತಿ."

ಇಬ್ಬರೂ ಉಂಡರು. ಪ್ರಣಿತಾ ನೀಡುತ್ತ ಎಲ್ಲ ಕೇಳಿಸಿಕೊಂಡಳು.

ಅಣ್ಣ ಒಂದು ಹಟ ಮಾತ್ರ ಹಿಡಿದ. ಪರವಾನಗಿ ಕೈಗೆ ಬರುವವರೆಗೆ ಯಾರಿಂದಲೂ ಒಂದು ಪೈಸೆ ಮುಟ್ಟಬಾರದು. ಅಂಬಾದಾಸ ಒಪ್ಪಿದ. ಜನ ಬಂದು ಬಾಯಿಮಾತಿನಲ್ಲಿ ಹೆಸರು ಹೇಳಿ ಹೋಗತೊಡಗಿದರು. ಒಳಗಿನ ಕೆಳ ಸಾಲಿಗೆ ನಮ್ಮವರೇ ಹೆಚ್ಚು: ನಮ್ಮ ಕುರುಬರು, ಸೋಲಾಪುರದ ಬಟ್ಟೆ ಗಿರಣಿ ಮುಚ್ಚಿದ್ದರಿಂದ ಮನೆಯಲ್ಲಿ ಕೂತವರು, ಬೀಡಿ ಕಟ್ಟುವ ಹೆಣ್ಣುಮಕ್ಕಳು. ರಸ್ತೆಯ ಮೇಲಿನ ಇಪ್ಪತ್ತು ಪ್ಲಾಟಿನ ಸಾಲನ್ನು ಅಂಬಾದಾಸ ಕೊನೆಗೆ ಹೆಚ್ಚು ಬೆಲೆಗೆ ಮಾರಲೆಂದು ಹಿಡಿದಿಟ್ಟುಕೊಂಡ.

ಬಾವಿ ಮಾತ್ರ ತನ್ನ ಹಾದಿ ಬಿಡಲಿಲ್ಲ. ಬಿಸಿಲು ಏರಿದಂತೆ ಮಧ್ಯಾಹ್ನಕ್ಕೇ ತಳದ ಬಂಡೆ ಕಾಣತೊಡಗಿತು. ಟಾಕಿ ತುಂಬಲೆಂದು ಪ್ರಣಿತಾ ಅಲ್ಲಿ ನಿಂತಿರುತ್ತಿದ್ದಳು, ಕುರಿಗೆ ನೀರು ಬಿಡಲು ಅಂಬಾದಾಸ ಬರುತ್ತಿದ್ದ. ಇಬ್ಬರೂ ಬಾವಿಯೊಳಗೆ ಬಗ್ಗಿ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ರವಿವಾರ ಅಣ್ಣನ ಮಗಳು ದೀಪಾಲಿ ಬಂದಳು. ಅವಳ ಗಂಡ ಸೋಲಾಪುರದ ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಂಗಡಿಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ. ಬಂದವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತೊಳೆದ ನೀರು ಹರಿದು ಹೋಗುವುದನ್ನೇ ನೋಡುತ್ತ ನಿಂತಳು.

"ಹಿಂಗ ನೀರು ಬಿಟ್ರ ನಮ್ಮ ಓಣ್ಯಾಗ ಜಗಳಾ ಬೀಳ್ತಾವ ವೈನಿ."

"ಇನ್ನೂ ಹಂಗ ಐತೇನು?" ಎಂದಳು ಪ್ರಣಿತಾ, ರೊಟ್ಟಿ ಬಡಿಯುತ್ತ.

"ನಳದಾಗ ನೀರು ನಾಲ್ಕ ದಿನಕ್ಕೊಮ್ಮೆ, ಐದ ದಿನಕ್ಕೊಮ್ಮೆ. ಬರೂ ದಿನ ಯಾರೂ ಮನಿ ಬಿಟ್ಟ ಹೋಗೂಹಂಗಿಲ್ಲ. ಮದವಿ ಇರಲಿ, ಮಣ್ಣಿರಲಿ. ಖೋಲಿ ತುಂಬ ಡ್ರಮ್ಮು. ಮನಿ ಅವುಗಳದು, ನಾವು ಅವುಗಳ ಬಾಡಿಗಿದಾರರು."

ಎಲ್ಲರೂ ನಕ್ಕೆವು. ದೀಪಾಲಿ ಮುಂದುವರಿದಳು.

"ಅಣ್ಣನ ಲೇಔಟ್ ಆಗಲಿ ಅಂತ ದಿನಾ ಸಿದ್ಧರಾಮಗ ಕೈ ಮುಗಿತೀನಿ. ಮೊದಲನೇ ಹೆಸರು ನಂದು. ಓಣ್ಯಾಗಿನ ಹೆಣ್ಮಕ್ಕಳಿಗೂ ಹೇಳೀನಿ, ನಮ್ಮಪ್ಪನ ಬಾವಿ, ಕಣ್ಣ ಮುಚ್ಚಿ ತಗೋರಿ ಅಂತ. ನಾಕ ಮಂದಿ ತಯಾರಾಗ್ಯಾರ. ಒಬ್ಬಾಕಿ ಅಂತೂ ಕೊಳ್ಳಾಗಿನ ಬಂಗಾರದ ಬೋರಮಾಳ ಮಾರಾಕ ನಿಂತಾಳ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಪ್ರಣಿತಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಹಿಟ್ಟಿನ ಕೈ ಕೊಡವಿದಳು.

"ದೀಪಾ, ನಿಮ್ಮ ಅಣ್ಣನ್ನ ಕೇಳು. ಬಾವಿ ಅಳದದ್ದು ಯಾವತ್ತ ಅಂತ."

ಅಂಬಾದಾಸ ಬಾಗಿಲಲ್ಲೇ ಕೂತು ಹಗ್ಗ ಹೊಸೆಯುತ್ತಿದ್ದ. "ಪ್ರಣಿತಾ!" ಎಂದ.

"ಯಾವತ್ತ ಅಳದ್ರು ಅಣ್ಣಾ?"

ಅವನು ತಲೆ ಎತ್ತಲಿಲ್ಲ. ಸಕ್ಕುಬಾಯಿಯೇ ಹೇಳಿದಳು. "ಅಮಾಸಿ ಮರುದಿನ, ಯವ್ವಾ."

ದೀಪಾಲಿ ಈ ಮನೆಯಲ್ಲಿ ಹುಟ್ಟಿದವಳು. ಬಿಡಿಸಿ ಹೇಳುವ ಜರೂರ್ ಬೀಳಲಿಲ್ಲ. ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು.

"ನಾ ಒಬ್ಬಾಕೀನ ಆಗಿದ್ರ ಬಾಯಿ ಮುಚಗೊಂಡ ಬರ್ತಿದ್ದೆ ಅಣ್ಣಾ. ನಮ್ಮಪ್ಪನ ಮನಿ ನೀರು, ಇದ್ದಷ್ಟ ಕುಡೀತಿದ್ದೆ. ಆ ಬೋರಮಾಳದಾಕಿಗೆ ಏನ ಹೇಳ್ಲಿ?"

"ಎಲ್ಲಾ ಲೇಔಟಿನಾಗೂ ಹಿಂಗ ನಡೀತೈತಿ," ಎಂದ ಅಂಬಾದಾಸ ಎದ್ದು ನಿಂತು. "ಮಳಿ ಆದ್ರ ಬಾವಿ ತುಂಬತೈತಿ. ಕಮ್ಮಿ ಬಿದ್ರ ಬೋರ್ ಹೊಡಸೂಣು. ಇವ್ರಿಗೆ ಎಲ್ಲಾರಿಗೂ ನಾನ ಒಬ್ಬಾಂವ ಕಳ್ಳ ಕಾಣಾಕತ್ತೀನಿ."

"ಕಳ್ಳ ಅಂದವ್ರ ಯಾರ್ರೀ?" ಎಂದಳು ಪ್ರಣಿತಾ.

"ನಿನ್ನ ಮನೀನೂ ಹೋಗ್ತೈತಿ, ಗೊತ್ತೈತೇನು?"

"ಗೊತ್ತೈತ್ರಿ. ಪೆನ್ನಿಲೆ ಗೆರಿ ಹೊಡದಾಕಿ ನಾನ."

ಅವನು ಹಗ್ಗ ಅಲ್ಲೇ ಬಿಸಾಡಿ ಹೋದ. ದೀಪಾಲಿ ಉಣ್ಣದೆ ಹೋಗುತ್ತೇನೆ ಎಂದಳು. ಸಕ್ಕುಬಾಯಿ ಬಿಡಲಿಲ್ಲ, ಕೂಡಿಸಿ ಉಣಿಸಿಯೇ ಕಳಿಸಿದಳು.

ಆಮೇಲೆ ಕೆಲವು ದಿನ ಅಂಬಾದಾಸ ಮನೆಯಲ್ಲಿ ಉಣ್ಣಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ವಡಾಪಾವ್ ತಿಂದು ಬರುತ್ತಿದ್ದ. ಸಕ್ಕುಬಾಯಿ ಅವನ ತಾಟು ಮುಚ್ಚಿ ಇಡುವುದು, ಬೆಳಿಗ್ಗೆ ಆ ರೊಟ್ಟಿಯನ್ನು ಆಡಿಗೆ ಹಾಕುವುದು.

"ಆಡು ದಪ್ಪಾಗಾಕತ್ತೈತಿ, ಮಗ ಒಣಗಾಕತ್ತಾನ," ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಪ್ರಣಿತಾ ಕೊಡ ಹೊರುತ್ತಿದ್ದಳು, ಕೊಟ್ಟಿಗೆ ಬಳಿಯುತ್ತಿದ್ದಳು, ಅವನ ಅಂಗಿ ಒಗೆದು ಗೂಟಕ್ಕೆ ಹಾಕುತ್ತಿದ್ದಳು. ನಾನು ಇಬ್ಬರ ನಡುವೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಇಂಥಾದ್ದಕ್ಕೆ ಅವಸರ ಮಾಡಬಾರದೆಂದು ನನಗೆ ಗೊತ್ತು. ಅವನು ಅಣ್ಣನ ಮಗ. ಕುರಿ ತಪ್ಪಿಸಿಕೊಂಡರೆ ಹುಡುಕದೆ ಮಲಗುವ ಜಾತಿಯಲ್ಲ.

ಒಂದು ಮುಂಜಾನೆ ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದು ಪಡಸಾಲೆಯಲ್ಲಿ ಕೂತ.

"ಅವ್ವಾ, ರೊಟ್ಟಿ ಹಾಕು. ಅಪ್ಪಾ, ನೀನೂ ಉಣ್ಣು. ಸೋಲಾಪುರಕ್ಕ ಹೋಗಿ ಬರೂಣು."

ಪ್ರಣಿತಾ ರೊಟ್ಟಿ ತಂದು ಹಾಕಿದಳು. ಅವನು ಮೂರು ತಿಂದ.

ಕಚೇರಿಯಲ್ಲಿ ನಡೆದದ್ದನ್ನು ಅಣ್ಣ ಬಂದು ಹೇಳಿದ. ಬಾವಿ ಮತ್ತೊಮ್ಮೆ ಅಳೆಯಿರಿ, ಮೊದಲಿನ ಲೆಕ್ಕ ಹೆಚ್ಚಾಗಿದೆ ಎಂದು ಅಂಬಾದಾಸ ಹೇಳಿದಾಗ ಗುಮಾಸ್ತನಿಗೆ ನಂಬಿಕೆಯೇ ಬರಲಿಲ್ಲವಂತೆ.

"ಹೆಚ್ಚ ಮಾಡ್ರಿ ಅಂತ ಬಡಕೊಳ್ಳಾವ್ರನ ನೋಡೀನಿ ಕಾಕಾ, ಕಮ್ಮಿ ಮಾಡ್ರಿ ಅನ್ನಾವ್ರನ ಇವತ್ತ ನೋಡಾಕತ್ತೀನಿ," ಎಂದು ಮರಾಠಿಯಲ್ಲಿ ಹೇಳಿ ನಕ್ಕು, ಪಕ್ಕದ ಮೇಜಿನವರನ್ನೂ ಕರೆದು ತೋರಿಸಿದನಂತೆ. ಒಳಗೆ ಸಾಹೇಬರು ನಗಲಿಲ್ಲ, ಬೈದರು. ಅವತ್ತೇ ಯಾಕೆ ಹೇಳಲಿಲ್ಲ, ಸರಕಾರದ ಒಂದು ದಿನ ಹಾಳು ಮಾಡಿದಿ ಎಂದರು.

"ಇಂವ ಏನಂದ?" ಎಂದು ಸಕ್ಕುಬಾಯಿ ಕೇಳಿದಳು.

"ತಪ್ಪಾತ್ರಿ ಅಂದ," ಎಂದ ಅಣ್ಣ. ತಂಬಿಗೆ ಎತ್ತಿ ನೀರು ಕುಡಿದ, ಮೀಸೆ ಒರೆಸಿಕೊಂಡ. "ನಾ ಬಾಜೂಕ ನಿಂತಿದ್ದೆ. ಎಲ್ಲಾರ ಮುಂದ ಅಂದ." ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆದರೆ ಆ ಸಂಜೆ ಕಟ್ಟೆಗೆ ಬಂದವರಿಗೆಲ್ಲ ಇದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದನ್ನು ಒಳಗಿನಿಂದ ನಾವು ಕೇಳಿದೆವು.

ಎರಡನೆಯ ಸಲ ಸಾಹೇಬರು ಸಾದಾ ದಿನ ಬಂದರು. ಹಿಂದಿನ ದಿನವೆಲ್ಲ ಮೋಟರ್ ಎಂದಿನಂತೆ ನಡೆದಿತ್ತು. ಮಧ್ಯಾಹ್ನ ಕಳೆಯುವುದರೊಳಗೆ ಪೈಪು ಗೊರಗೊರ ಎಂದು ಗಾಳಿ ಎಳೆಯಿತು. ಸಾಹೇಬರು ನೀರು ಮತ್ತೆ ಊರುವುದನ್ನು ನೋಡುತ್ತ ಬೇವಿನ ನೆರಳಲ್ಲಿ ಕೂತರು. ಕೊನೆಗೆ ನಲವತ್ತು ಮನೆ ಎಂದರು. ಆಮೇಲೆ ಕೇಳಿದರು, ಕಾಗದದ ಪ್ರಕಾರ ವರ್ಷದ ಎಲ್ಲ ದಿನ ನೀರು ಕೊಡಬೇಕು, ನಿಮ್ಮ ಅಮಾವಾಸ್ಯೆಗೆ ಏನು ಮಾಡುತ್ತೀರಿ?

ಅಣ್ಣ ಗಂಟಲು ಸರಿಮಾಡಿಕೊಂಡ. ಅಜ್ಜನ ಕಾಲದಿಂದ ಶುರುಮಾಡುತ್ತಾನೆಂದು ಸಕ್ಕುಬಾಯಿಗೆ ಗೊತ್ತಾಯಿತು.

"ಹಿಂದಿನ ದಿನಾನ ಟಾಕಿ ತುಂಬಿ ಇಡ್ತೀವ್ರಿ," ಎಂದಳು. "ಟಾಕಿ ದೊಡ್ಡದ ಕಟ್ಟಸ್ತೀವಿ. ಬಾವಿಗೆ ರಜಾ, ಮಂದಿಗೆ ಅಲ್ಲ."

ಸಾಹೇಬರು ಅದನ್ನು ಶರತ್ತಿನಂತೆ ಬರೆದುಕೊಂಡರು.

ಇನ್ನು ಇಪ್ಪತ್ತು ಪ್ಲಾಟು ಬಿಡಬೇಕು. ಯಾವುದು? ಅಂಬಾದಾಸ ನಕಾಶೆ ಬಿಚ್ಚಿ ಕೂತ. ಕೆಳ ಸಾಲು ಬಿಟ್ಟರೆ ನಷ್ಟ ಕಮ್ಮಿ, ರಸ್ತೆಯ ಸಾಲಿಗೇ ಬೆಲೆ. ಅವನು ಅದನ್ನು ಹೇಳಲೂ ಇಲ್ಲ, ಬೆರಳು ಮಾತ್ರ ಕೆಳ ಸಾಲಿನ ಮೇಲೆ ಆಡುತ್ತಿತ್ತು.

ಪ್ರಣಿತಾ ಅಕ್ಕಿ ಆರಿಸುತ್ತಿದ್ದಳು. "ರಸ್ತೆ ಸಾಲ ತಗೀರಿ. ಕೆಳಗಿನವ್ರ ಮೊದಲ ಹೆಸರ ಹೇಳ್ಯಾರ. ಮ್ಯಾಲಿನ ಸಾಲು ಏರಿನ ಮ್ಯಾಲ ಐತಿ, ನೀರು ಹತ್ತೂದೂ ಕಡೀಕ."

"ನಿನ್ನ ಮೂಲಿ ಪ್ಲಾಟು?"

"ಅದೂ ರಸ್ತೆ ಸಾಲಿನಾಗ ಐತಲ್ರಿ."

"ಬ್ಯಾರೆ ಕಡೆ ಒಂದ..."

"ಮಂದಿಗೆ ಕೊಡೂ ನಲವತ್ತರಾಗ ಒಂದ ಹಿಡದ ನಾ ಮನಿ ಕಟ್ಟೂದಿಲ್ಲ. ಕುರಿಗೆ ಮೇಯಾಕ ಜಾಗಾ ಬೇಕಲ್ಲ, ರಸ್ತೆ ಸಾಲು ಅದಕ್ಕ ಇರ್ಲಿ."

ಅಂಬಾದಾಸ ರಸ್ತೆಯ ಸಾಲನ್ನೇ ತೆಗೆದ ಸುದ್ದಿ ಅಕ್ಕಲಕೋಟಕ್ಕೆ ಮುಟ್ಟಿತು. ಅವಳ ತಂದೆ ಬೀರಣ್ಣ ಮರುದಿನದ ಮೊದಲ ಬಸ್ಸಿಗೇ ಬಂದಿಳಿದರು. ರುಮಾಲು ತೆಗೆಯುವ ಮೊದಲೇ ಶುರುಮಾಡಿದರು.

"ಬೀಗ್ರ, ನನ್ನ ಮಗಳಿಗೆ ಮನಿ ಕಟ್ಟಸ್ತೀವಿ ಅಂದವರು ನೀವು. ಊರ ತುಂಬ ಹೇಳೀನಿ ನಾನು, ಹೈವೇ ಮ್ಯಾಲ ಬಂಗ್ಲೆ ಅಂತ. ಈಗ ಯಾವ ಮಾರಿ ಹೊತ್ತ ತಿರಗಾಡ್ಲಿ?"

ಅಣ್ಣ ಏನೋ ಹೇಳಹೊರಟ. ಪ್ರಣಿತಾ ಒಳಗಿನಿಂದ ತಾಟು ತಂದು ತಂದೆಯ ಮುಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ.

"ನಾನ ಬ್ಯಾಡ ಅಂದೀನಿ ಅಪ್ಪಾ. ಇವ್ರಿಗ್ಯಾಕ ಬೈತಿ? ನೀ ಯಾರ್ಯಾರಿಗೆ ಹೇಳೀಯೋ ಅವರ್ನೆಲ್ಲಾ ಕರಕೊಂಡ ಬಾ, ಅವ್ರಿಗೂ ಊಟಕ್ಕ ಹಾಕ್ತೀನಿ."

"ಹುಚ್ಚಿ! ಒಳಗ ನಳಾ ಬೇಕು, ಒಳಗ ನಳಾ ಬೇಕು ಅಂತಿದ್ದಾಕಿ ನೀನ ಅಲ್ಲೇನು?"

"ಹೌದು. ಬೇಕ ಬೇಕು," ಎಂದಳು. "ಆದ್ರ ನೀರ ಬರೂ ನಳಾ ಬೇಕು."

ಬೀರಣ್ಣ ಗೊಣಗುತ್ತಲೇ ಉಂಡರು. ಬೆಣ್ಣೆ ಎರಡನೆಯ ಸಲ ಹಾಕಿಸಿಕೊಂಡರು. ಸಂಜೆ ಬಸ್ಸಿಗೆ ನಾನೇ ಕಳಿಸಲು ಹೋದೆ. ದಾರಿಯಲ್ಲಿ ಅವರಿಗೆ ಊರಿನಿಂದ ಫೋನು ಬಂತು. "ಬಂಗ್ಲೆ ಗಿಂಗ್ಲೆ ಇಲ್ಲೋ. ನಮ್ಮ ಪ್ರಣಿತಾ ಬ್ಯಾಡ ಅಂದಾಳ. ಆಕಿ ಮಾತಿನ ಮ್ಯಾಲ ಇಡೀ ಲೇಔಟ್ ಸಣ್ಣದ ಮಾಡ್ಯಾರ ಇಲ್ಲಿ, ತಿಳೀತಿಲ್ಲೋ!" ಎಂದು ಅರ್ಧ ಊರಿಗೆ ಕೇಳುವ ಹಾಗೆ ಒದರಿದರು. ಬಸ್ಸು ಹತ್ತುವಾಗ ಅವರ ರುಮಾಲು ಬಂದಾಗಿನದಕ್ಕಿಂತ ನೆಟ್ಟಗಿತ್ತು.

ಮಳೆಗಾಲ ಹಿಡಿದ ಮೇಲೆ ಪರವಾನಗಿ ಬಂತು. ಅಂಬಾದಾಸ ಅದನ್ನು ಬೀರೋಬನ ಮುಂದಿಟ್ಟು ಭಂಡಾರ ಹಾರಿಸಿ ತಂದ. ಮೊದಲ ಪ್ಲಾಟು ದೀಪಾಲಿಯದು, ಅದರ ಪಕ್ಕದ್ದು ಆ ಬೋರಮಾಳದ ಹೆಣ್ಣುಮಗಳದು.

ಒಂದು ಮಧ್ಯಾಹ್ನ ಸೋಲಾಪುರದಿಂದ ಗಂಡ ಹೆಂಡತಿ ಇಬ್ಬರು ಬಂದರು, ಹೊಸಬರು. ಗಂಡಸು ನಾಲ್ಕು ಲೇಔಟು ಸುತ್ತಿ ದಣಿದಿದ್ದ. ಕಟ್ಟೆಯ ಮೇಲೆ ಕೂತವನೇ ಕೇಳಿದ, "ಎಲ್ಲಾರೂ ನೀರು ಭರ್ಪೂರ್ ಐತಿ ಅಂತಾರ. ಖರೇ ಹೇಳ್ರಿ ಮಾಲಕರ, ಎಷ್ಟ ಐತಿ ನಿಮ್ಮಲ್ಲಿ?"

ಅಂಬಾದಾಸ ಬಾಯಿ ತೆರೆದ. ನಮ್ಮಣ್ಣ ಕೈ ಎತ್ತಿ ತಡೆದ. "ಅದು ನಮ್ಮ ಸೊಸಿ ಹೇಳ್ತಾಳ. ಪ್ರಣಿತಾ, ಬಾ ಇಲ್ಲಿ, ಯವ್ವಾ."

ನಮ್ಮ ಮನೆಯಲ್ಲಿ ಗಂಡಸರ ವ್ಯವಹಾರಕ್ಕೆ ಸೊಸೆಯನ್ನು ಕರೆದದ್ದು ನಾನು ಅದೇ ಮೊದಲು ಕಂಡೆ. ಅವಳು ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು.

"ಕುಡ್ಯಾಕ, ಬಳಸಾಕ ದಿನಾ ಸಿಗ್ತೈತ್ರಿ. ಗಿಡಾ ಬಳ್ಳಿ ತೋಟಾ ಮಾಡ್ತೀವಿ ಅಂದ್ರ ಸಿಗೂದಿಲ್ಲ. ಅಮಾಸಿಗೆ ಮೋಟರ್ ಹಚ್ಚೂದಿಲ್ಲ, ಟಾಕ್ಯಾಗಿನ ನೀರು ಬರ್ತೈತಿ, ಕೈ ಹಿಡದ ಬಳಸಬೇಕು. ಬ್ಯಾಸಗ್ಯಾಗ ಬಂದ ಬಾವಿ ನೋಡಿ ತಗೋತೀವಿ ಅಂದ್ರೂ ಅಡ್ಡಿಲ್ಲ, ಪ್ಲಾಟ್ ಹಿಡದ ಇಡ್ತೀವಿ. ಒಪ್ಪಿಗಿದ್ರ ಕೂಡ್ರಿ. ಇಲ್ಲಂದ್ರ ಚಾ ಕುಡದ ಹೋಗ್ರಿ."

ಗಂಡಸು ಹೆಂಡತಿಯ ಮುಖ ನೋಡಿದ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು, ಕಾಲು ಮಡಚಿ, ಸರಿಯಾಗಿ ಕೂತಳು.

"ಎಲ್ಲೆಲ್ಲಿ ಖಾಲಿ ಅದಾವ, ತೋರಸವ್ವಾ," ಎಂದಳು.

ಅಂಬಾದಾಸ ತನ್ನ ಮುಂದಿದ್ದ ನಕಾಶೆಯನ್ನು ಪ್ರಣಿತಾಳ ಕಡೆಗೆ ತಿರುಗಿಸಿ ಇಟ್ಟು, ಕಟ್ಟೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿದ.